ಚಿತ್ರ ಅಂಚೆಕಾರ್ಡು ಸಂಗ್ರಹ: ಕೊಳ್ಳುವ ಮೊದಲಿನಿಂದ ಕಾಪಿಡುವವರೆಗೆ

ಚಿತ್ರ ಅಂಚೆಕಾರ್ಡು ಕೂಡಿಸಲು ಹೊರಟವರಲ್ಲಿ ಹೆಚ್ಚಿನವರು ಎಡವುವುದು ಒಂದೇ ಜಾಗದಲ್ಲಿ. ಮೊದಲು ಕಂಡಕಂಡದ್ದನ್ನೆಲ್ಲ ಕೊಳ್ಳುತ್ತಾರೆ. ಆಮೇಲೆ ಕೈಗೆ ಸಿಕ್ಕ ಫೋಟೋ ಆಲ್ಬಮ್ಮಿಗೆ ಅಂಟಿಸುತ್ತಾರೆ. ಯಾವ ಕಾರ್ಡು ಎಲ್ಲಿಂದ ಬಂತು, ಎಷ್ಟು ಕೊಟ್ಟೆವು ಎಂದು ಬರೆದಿಡುವುದನ್ನು ನಾಳೆಗೆ ತಳ್ಳುತ್ತಾರೆ. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಅಂಚಿನಲ್ಲಿ ಕಂದು ಚುಕ್ಕೆ, ಹಿಂಬದಿಯಲ್ಲಿ ಗೋಂದಿನ ಕಲೆ. ನೂರು ವರ್ಷ ಹಳೆಯದೆಂದು ದುಡ್ಡು ಸುರಿದು ತಂದದ್ದು ಈಚಿನ ಮರುಮುದ್ರಣ ಎಂದು ಬಲ್ಲವರೊಬ್ಬರು ತೋರಿಸಿಕೊಟ್ಟ ಮೇಲಂತೂ ಆಸಕ್ತಿಯೇ ಇಂಗಿಹೋಗುತ್ತದೆ.

ಇದಕ್ಕೆಲ್ಲ ಮೂಲ, ಕೆಲಸದ ಕ್ರಮ ತಲೆಕೆಳಗಾಗಿರುವುದು. ಏನನ್ನು ಕೂಡಿಸಬೇಕು ಎಂಬ ಮೇರೆ ಮೊದಲು. ನಂತರ ಸಲಕರಣೆ, ಆಮೇಲೆ ಕಾರ್ಡನ್ನು ಓದುವ ಅಭ್ಯಾಸ. ಖರೀದಿ ನಾಲ್ಕನೆಯದೋ ಐದನೆಯದೋ ಕೆಲಸ. ಕೆಳಗಿನ ಹಂತಗಳನ್ನು ಬರೆದಿರುವ ಕ್ರಮದಲ್ಲೇ ಮಾಡಿ, ಯಾವುದನ್ನೂ ಹಿಂದುಮುಂದು ಮಾಡಬೇಡಿ.

## ಹಂತ 1: ಮೇರೆ ಹಾಕಿಕೊಳ್ಳಿ

‘ಜಗತ್ತಿನ ಎಲ್ಲ ಕಾರ್ಡು’ ಎಂಬುದು ಸಂಗ್ರಹವಲ್ಲ, ರಾಶಿ. ನಿಮ್ಮ ಸಂಗ್ರಹವನ್ನು ಒಂದೇ ವಾಕ್ಯದಲ್ಲಿ ಬರೆಯಿರಿ. ಆ ವಾಕ್ಯದಲ್ಲಿ ಜಾಗ, ಕಾಲ, ವಿಷಯ ಈ ಮೂರರಲ್ಲಿ ಎರಡಾದರೂ ಇರಬೇಕು. ‘1947ಕ್ಕೆ ಮುಂಚಿನ ಮೈಸೂರು ಸಂಸ್ಥಾನದ ಕಾರ್ಡುಗಳು’, ‘ಎರಡು ಮಹಾಯುದ್ಧಗಳ ನಡುವಿನ ಪ್ರಯಾಣಿಕರ ಹಡಗುಗಳು’, ‘ಪ್ರತಿ ದೇಶದಿಂದ ಠಸ್ಸೆ ಬಿದ್ದು ಬಂದ ಒಂದೊಂದು ಹೊಸ ಕಾರ್ಡು’. ಕೊನೆಯದು ಸಣ್ಣ ಕೆಲಸವೇನಲ್ಲ. ಜಾಗತಿಕ ಅಂಚೆ ಒಕ್ಕೂಟದಲ್ಲೇ 192 ಸದಸ್ಯ ದೇಶಗಳಿವೆ.

ಈ ವಾಕ್ಯಕ್ಕೆ ಹೊಂದದ ಕಾರ್ಡು ಎಷ್ಟೇ ಚೆಂದವಿದ್ದರೂ ಮೊದಲ ವರ್ಷ ಕೊಳ್ಳಬೇಡಿ. ಒಂದೇ ಊರಿನ, ಒಂದೇ ಕಾಲದ ಕಾರ್ಡುಗಳನ್ನು ಮತ್ತೆ ಮತ್ತೆ ನೋಡಿದಾಗಷ್ಟೇ ಕಾಗದ, ಮಸಿ, ಪ್ರಕಾಶಕರ ಅಕ್ಷರಶೈಲಿ ಕಣ್ಣಿಗೆ ಪರಿಚಿತವಾಗುತ್ತವೆ. ಮುಂದೆ ಮೋಸದಿಂದ ಕಾಪಾಡುವುದು ಈ ಪರಿಚಯವೇ.

ಎಚ್ಚರಿಕೆಯ ಗುರುತು: ನೂರು ಕಾರ್ಡಾದ ಮೇಲೂ ಅವುಗಳನ್ನು ಹೇಗೆ ಜೋಡಿಸುವುದೆಂದು ತೋಚದಿದ್ದರೆ ಮೇರೆ ಸಡಿಲವಾಗಿದೆ. ಖರೀದಿ ನಿಲ್ಲಿಸಿ, ವಾಕ್ಯವನ್ನು ತಿದ್ದಿ.

## ಹಂತ 2: ಕಾರ್ಡಿಗಿಂತ ಮೊದಲು ಸಲಕರಣೆ

ದುಬಾರಿ ಸಾಮಾನು ಯಾವುದೂ ಬೇಕಿಲ್ಲ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಸಣ್ಣ ಭೂತಗನ್ನಡಿ (ಚಿನಿವಾರರು, ವಾಚ್ ರಿಪೇರಿಯವರು ಬಳಸುವಂಥದ್ದು), ಮಿಲಿಮೀಟರ್ ಗೆರೆಗಳಿರುವ ಅಳತೆಪಟ್ಟಿ, ನೋಟು ಪರೀಕ್ಷಿಸುವ ಅಲ್ಟ್ರಾವಯೊಲೆಟ್ ಟಾರ್ಚು, ಮೆತ್ತನೆಯ ಅಗಲ ಕುಂಚ, 2ಬಿ ಪೆನ್ಸಿಲ್, ಗಾಳಿಯ ತೇವ ತೋರಿಸುವ ಪುಟ್ಟ ಮೀಟರ್. ಇಷ್ಟು ಸಾಕು.

ಲಕೋಟೆಯ ವಿಷಯದಲ್ಲಿ ಮಾತ್ರ ರಾಜಿ ಬೇಡ. ಕಾರ್ಡಿಡುವ ಪ್ಲಾಸ್ಟಿಕ್ ಲಕೋಟೆ ಪಾಲಿಪ್ರಾಪಿಲೀನ್ ಅಥವಾ ಪಾಲಿಯೆಸ್ಟರ್‌ನದ್ದಾಗಿರಲಿ. ಪಿವಿಸಿ ಮುಟ್ಟಲೇಬೇಡಿ. ಅದನ್ನು ಮೆದುವಾಗಿಸಲು ಬೆರೆಸಿದ ರಾಸಾಯನಿಕ ವರ್ಷ ಕಳೆದಂತೆ ಹೊರಬಂದು ಕಾರ್ಡಿನ ಮೇಲೆ ಜಿಗುಟು ಪದರವಾಗಿ ಕೂರುತ್ತದೆ, ಬಣ್ಣವನ್ನೂ ಎಳೆದುಕೊಳ್ಳುತ್ತದೆ. ಹೊಸ ರೇನ್‌ಕೋಟಿನಂಥ ಘಾಟು ವಾಸನೆ ಬಂದರೆ ಅದು ಪಿವಿಸಿ ಎಂದೇ ತಿಳಿಯಿರಿ. ಸ್ಟೇಷನರಿ ಅಂಗಡಿಯಲ್ಲಿ ‘ಪಿಪಿ ಕವರ್’ ಎಂದು ಕೇಳಿ, ಪ್ಯಾಕಿನ ಮೇಲೆ ಬರೆದದ್ದನ್ನು ಓದಿ.

ಹಳೆಯ ಕಾರ್ಡುಗಳ ಅಳತೆ ಸುಮಾರು 9×14 ಸೆಂ.ಮೀ., ಹೊಸವುಗಳದ್ದು 10×15 ಸೆಂ.ಮೀ. ಆಸುಪಾಸು. ಎರಡಕ್ಕೂ ಬೇರೆ ಬೇರೆ ಲಕೋಟೆ ತನ್ನಿ. ಸಣ್ಣ ಕಾರ್ಡು ದೊಡ್ಡ ಲಕೋಟೆಯೊಳಗೆ ಓಡಾಡಿದರೆ ಮೂಲೆಗಳು ಸವೆಯುತ್ತವೆ.

## ಹಂತ 3: ಹಿಂಬದಿಯನ್ನು ಓದಲು ಕಲಿಯಿರಿ

ಹೊಸಬರು ಚಿತ್ರ ನೋಡುತ್ತಾರೆ, ಪಳಗಿದವರು ಮೊದಲು ಕಾರ್ಡು ತಿರುಗಿಸುತ್ತಾರೆ. ಕಾಲ, ದೇಶ, ಅಸಲಿಯೋ ನಕಲಿಯೋ ಎಂಬುದರ ಮುಕ್ಕಾಲು ಪಾಲು ಸುಳಿವು ಹಿಂಬದಿಯಲ್ಲೇ ಇರುತ್ತದೆ. ಈ ಹಂತಕ್ಕೆ ವಾರಗಟ್ಟಲೆ ಸಮಯ ಕೊಡಿ. ಅಂತರಜಾಲದಲ್ಲಿ ಮಾರಾಟಕ್ಕಿರುವ ಕಾರ್ಡುಗಳ ಹಿಂಬದಿಯ ಚಿತ್ರಗಳನ್ನು ನೋಡುತ್ತಾ ಅಭ್ಯಾಸ ಮಾಡಿದರೆ ಒಂದು ರೂಪಾಯಿಯೂ ಖರ್ಚಾಗದು.

ನಡುವಿನ ಗೆರೆ. ಆರಂಭದಲ್ಲಿ ಹಿಂಬದಿಯಲ್ಲಿ ವಿಳಾಸ ಮಾತ್ರ ಬರೆಯಬೇಕಿತ್ತು. ಹಿಂಬದಿಯನ್ನು ಗೆರೆಯಿಂದ ಎರಡು ಭಾಗ ಮಾಡಿ ಎಡಕ್ಕೆ ಸಂದೇಶ, ಬಲಕ್ಕೆ ವಿಳಾಸ ಬರೆಯಲು ಬ್ರಿಟನ್ 1902ರಲ್ಲಿ ಒಪ್ಪಿತು. ಫ್ರಾನ್ಸ್ 1904ರ ಹೊತ್ತಿಗೆ, ಜರ್ಮನಿ 1905ರಲ್ಲಿ, ಅಮೆರಿಕ 1907ರ ಮಾರ್ಚ್ 1ರಂದು ಅದೇ ದಾರಿ ಹಿಡಿದವು. ಆದ್ದರಿಂದ ಗೆರೆಯಿಲ್ಲದ ಅಮೆರಿಕದ ಕಾರ್ಡು ಸಾಮಾನ್ಯವಾಗಿ 1907ಕ್ಕೆ ಮುಂಚಿನದು, ಗೆರೆಯಿರುವ ಬ್ರಿಟಿಷ್ ಕಾರ್ಡು 1902ಕ್ಕಿಂತ ಹಿಂದಿನದಲ್ಲ. ಗೆರೆಯಿಲ್ಲದ ಕಾರ್ಡುಗಳಲ್ಲಿ ಚಿತ್ರದ ಮೇಲೆಯೇ ಕೈಬರಹ ಇದ್ದರೆ ಅದನ್ನು ಹಾಳು ಎಂದು ಬದಿಗಿಡಬೇಡಿ. ಆಗ ಸಂದೇಶ ಬರೆಯಲು ಬೇರೆ ಜಾಗವೇ ಇರಲಿಲ್ಲ.

ಜಪಾನಿನ ಗೆರೆ. ಇಲ್ಲಿ ಗೆರೆ ಎಲ್ಲಿದೆ ಎಂಬುದೇ ಮುಖ್ಯ. ಸಂದೇಶಕ್ಕೆ ಮೂರನೇ ಒಂದು ಭಾಗ ಮಾತ್ರ ಬಿಟ್ಟಿದ್ದರೆ 1907ರಿಂದ 1918ರ ನಡುವಿನದು, ಅರ್ಧಕ್ಕೆ ಗೆರೆ ಎಳೆದಿದ್ದರೆ 1918ರ ನಂತರದ್ದು. ಜಪಾನಿ ಲಿಪಿ ಬಾರದಿದ್ದರೂ ಅಳತೆಪಟ್ಟಿ ಇಟ್ಟು ಇದನ್ನು ಹೇಳಬಹುದು.

ಅಂಚೆಚೀಟಿ ಹಚ್ಚುವ ಚೌಕ. ಬ್ರಿಟಿಷ್ ಕಾರ್ಡಿನಲ್ಲಿ ಒಳನಾಡಿಗೆ ಅರ್ಧ ಪೆನ್ನಿ ಎಂದು ಅಚ್ಚಾಗಿದ್ದರೆ ಅದು 1918ರ ಜೂನ್‌ಗೆ ಮುಂಚಿನದು. ಆ ತಿಂಗಳು ದರ ಒಂದು ಪೆನ್ನಿಗೆ ಏರಿತು. ಫೋಟೋ ಕಾಗದದ ಮೇಲೆ ನೇರವಾಗಿ ತೊಳೆದು ತೆಗೆದ ಕಾರ್ಡುಗಳಲ್ಲಿ ಈ ಚೌಕದ ಸುತ್ತ ಕಾಗದ ತಯಾರಕರ ಗುರುತು ಇರುತ್ತದೆ. ಎ, ಝಡ್, ಓ ಎಂಬ ಮೂರು ಅಕ್ಷರಗಳೂ ನಾಲ್ಕು ಮೂಲೆಗಳಲ್ಲಿ ಮೇಲ್ಮುಖ ತ್ರಿಕೋನಗಳೂ ಇದ್ದರೆ ಸುಮಾರು 1904ರಿಂದ 1918ರ ಕಾಗದ. ಎರಡು ತ್ರಿಕೋನ ಮೇಲಕ್ಕೆ, ಎರಡು ಕೆಳಕ್ಕೆ ಇದ್ದರೆ 1918ರಿಂದ 1930ರ ಆಸುಪಾಸು.

ಪ್ರಕಾಶಕರ ಹೆಸರು, ಸಂಖ್ಯೆ. ಷಿಕಾಗೋದ ಕರ್ಟ್ ಟೈಕ್ ಕಂಪನಿಯ ಬಟ್ಟೆಯ ನೇಯ್ಗೆಯಂಥ ಮೈಯುಳ್ಳ ಕಾರ್ಡುಗಳಲ್ಲಿ ಸಂಖ್ಯೆಯೇ ವರ್ಷ ಹೇಳುತ್ತದೆ. ಎ ಎಂದರೆ 1930ರ ದಶಕ, ಬಿ ಎಂದರೆ 1940ರ ದಶಕ, ಸಿ ಎಂದರೆ 1950ರ ದಶಕ. ಆ ಅಕ್ಷರಕ್ಕಿಂತ ಮೊದಲು ಬರುವ ಅಂಕಿ ದಶಕದೊಳಗಿನ ವರ್ಷ. ಹಾಗಾಗಿ ‘5ಎ-ಎಚ್’ ಎಂದು ಶುರುವಾಗುವುದು 1935ರ ಕಾರ್ಡು. ಈ ಕಂಪನಿಯ ದಾಖಲೆಗಳು ಈಗ ಷಿಕಾಗೋದ ನ್ಯೂಬೆರಿ ಗ್ರಂಥಾಲಯದಲ್ಲಿವೆ. ಲಂಡನ್ನಿನ ರಾಫೆಲ್ ಟಕ್ ಕಂಪನಿಯ ಪಾಲಿಗೆ ಆ ಭಾಗ್ಯವಿಲ್ಲ. 1940ರ ಡಿಸೆಂಬರ್ 29ರ ಬಾಂಬ್ ದಾಳಿಯಲ್ಲಿ ಅದರ ಕಟ್ಟಡದ ಜೊತೆ ಕಡತಗಳೂ ಸುಟ್ಟುಹೋದವು. ಆ ಕಂಪನಿಯ ‘ಆಯ್ಲೆಟ್’ ಮಾಲೆಯ ಕಾರ್ಡುಗಳು 1903ರಿಂದ ಬಂದವು ಎಂಬುದನ್ನು ಹಿಡಿದುಕೊಂಡು ಉಳಿದದ್ದನ್ನು ಠಸ್ಸೆಗಳಿಂದ ಕಟ್ಟಿಕೊಳ್ಳಬೇಕು. ಸೋವಿಯತ್ ಕಾರ್ಡುಗಳಲ್ಲಿ ಕೆಲಸ ಸುಲಭ: ಬಹುಪಾಲು ಕಾರ್ಡುಗಳ ಹಿಂಬದಿಯ ಅಡಿಯಲ್ಲಿ ವರ್ಷ, ಬೆಲೆ, ಎಷ್ಟು ಪ್ರತಿ ಅಚ್ಚಾಯಿತು ಎಂಬುದು ಸಣ್ಣಕ್ಷರಗಳಲ್ಲಿ ಇರುತ್ತದೆ.

ಭಾರತದ ಹಳೆಯ ಕಾರ್ಡು ಹುಡುಕುವವರು ಈ ಹೆಸರುಗಳನ್ನು ನೆನಪಿಡಿ: ಬಾಂಬೆಯ ಕ್ಲಿಫ್ಟನ್, ಕಲ್ಕತ್ತೆಯ ಜಾನ್‌ಸ್ಟನ್ ಅಂಡ್ ಹಾಫ್‌ಮನ್, ದೆಹಲಿಯ ಎಚ್.ಎ. ಮಿರ್ಜಾ ಅಂಡ್ ಸನ್ಸ್, ಮದ್ರಾಸ್ ಮತ್ತು ಬೆಂಗಳೂರಿನ ಹಿಗಿನ್‌ಬಾಥಮ್ಸ್, ಮದ್ರಾಸಿನ ಸ್ಪೆನ್ಸರ್, ಲೋನಾವಳ ಬಳಿಯ ರವಿವರ್ಮ ಪ್ರೆಸ್. ಇಲ್ಲಿನ ಪ್ರಕಾಶಕರ ಹಲವು ಕಾರ್ಡುಗಳು ಅಚ್ಚಾದದ್ದು ಜರ್ಮನಿಯಲ್ಲಿ. ‘ಸ್ಯಾಕ್ಸನಿಯಲ್ಲಿ ಮುದ್ರಿತ’ ಎಂಬ ಸಾಲು ಕಂಡರೆ 1914ರಲ್ಲಿ ಯುದ್ಧ ಶುರುವಾಗುವ ಮುಂಚಿನ ಮುದ್ರಣ ಎಂದು ಊಹಿಸಬಹುದು.

ಠಸ್ಸೆ ಮತ್ತು ಅಂಚೆಚೀಟಿ. ಅತಿ ಹೆಚ್ಚು ತಪ್ಪು ನಡೆಯುವುದು ಇಲ್ಲೇ. ಠಸ್ಸೆಯ ವರ್ಷ ಕಾರ್ಡು ಅಚ್ಚಾದ ವರ್ಷವಲ್ಲ. ಅಂಗಡಿಯಲ್ಲೋ ಮೇಜಿನ ಖಾನೆಯಲ್ಲೋ ಹತ್ತು ವರ್ಷ ಬಿದ್ದಿದ್ದ ಕಾರ್ಡು ಆಮೇಲೆ ಅಂಚೆಗೆ ಬಿದ್ದಿರಬಹುದು. ಕಾರ್ಡು ಅದಕ್ಕಿಂತ ಈಚಿನದಲ್ಲ ಎಂದಷ್ಟೇ ಠಸ್ಸೆ ಹೇಳುತ್ತದೆ. ವರ್ಷ ಅಳಿಸಿಹೋಗಿದ್ದರೆ ಅಂಚೆಚೀಟಿಯ ಮೇಲಿನ ಮುಖ ನೋಡಿ. ಭಾರತದ ಅಂಚೆಚೀಟಿಗಳಲ್ಲಿ ಏಳನೇ ಎಡ್ವರ್ಡ್ ಕಾಣಿಸಿಕೊಂಡದ್ದು 1902ರಲ್ಲಿ, ಐದನೇ ಜಾರ್ಜ್ 1911ರಲ್ಲಿ, ಆರನೇ ಜಾರ್ಜ್ 1937ರಲ್ಲಿ. ವಿಳಾಸದಲ್ಲಿ ಆರಂಕಿಯ ಪಿನ್‌ಕೋಡ್ ಇದ್ದರೆ ಅದು 1972ರ ಆಗಸ್ಟ್ 15ರ ನಂತರದ ಬರಹ. ಅಮೆರಿಕದ ಐದಂಕಿಯ ಜಿಪ್ ಕೋಡ್ ಬಂದದ್ದು 1963ರಲ್ಲಿ.

ಇವನ್ನೆಲ್ಲ ಸೇರಿಸಿ ನೋಡುವ ಬಗೆಗೆ ಒಂದು ಉದಾಹರಣೆ. ‘ಸೌತ್ ಪೆರೇಡ್, ಬೆಂಗಳೂರು’ ಎಂಬ ಇಂಗ್ಲಿಷ್ ಶೀರ್ಷಿಕೆಯ ಕಾರ್ಡೊಂದು ಸಿಕ್ಕಿತು ಎಂದುಕೊಳ್ಳಿ. ಆ ರಸ್ತೆಗೆ ಮಹಾತ್ಮ ಗಾಂಧಿ ರಸ್ತೆ ಎಂದು ಹೆಸರಾದದ್ದು 1948ರಲ್ಲಿ, ಆದ್ದರಿಂದ ಶೀರ್ಷಿಕೆ ಅದಕ್ಕಿಂತ ಹಿಂದಿನದು. ಹಿಂಬದಿಯಲ್ಲಿ ಗೆರೆ ಇದೆ, 1902ಕ್ಕಿಂತ ಮುಂಚಿನದಲ್ಲ. ಸ್ಯಾಕ್ಸನಿಯ ಸಾಲು ಇದೆ, 1914ಕ್ಕಿಂತ ಈಚಿನದಾಗುವ ಸಂಭವ ಕಡಿಮೆ. ಅಂಚೆಚೀಟಿಯಲ್ಲಿ ಐದನೇ ಜಾರ್ಜ್, ಅಂದರೆ ಅಂಚೆಗೆ ಬಿದ್ದದ್ದು 1911ರಲ್ಲೋ ಆಮೇಲೋ. ನಿಮ್ಮ ಪುಸ್ತಕದಲ್ಲಿ ಬರೆಯಬೇಕಾದದ್ದು: ‘ಮುದ್ರಣ ಸು. 1902–1914, ಅಂಚೆಗೆ 1911ರಲ್ಲಿ ಅಥವಾ ನಂತರ’. ‘1911ರ ಕಾರ್ಡು’ ಎಂದು ಬರೆದರೆ ತಪ್ಪು.

ಚಿತ್ರದೊಳಗಿನ ಕಟ್ಟಡಗಳೂ ಸಾಕ್ಷಿ ಹೇಳುತ್ತವೆ. ಕಬ್ಬನ್ ಪಾರ್ಕಿನ ವಿಕ್ಟೋರಿಯಾ ರಾಣಿಯ ಪ್ರತಿಮೆ ಅನಾವರಣಗೊಂಡದ್ದು 1906ರಲ್ಲಿ. ಮೈಸೂರಿನ ಮರದ ಅರಮನೆ ಬೆಂಕಿಗೆ ಸಿಕ್ಕಿದ್ದು 1897ರಲ್ಲಿ, ಈಗಿನದು ಪೂರ್ತಿಯಾದದ್ದು 1912ರಲ್ಲಿ. ನೀವು ಯಾವ ಊರಿನ ಕಾರ್ಡು ಕೂಡಿಸುತ್ತೀರೋ ಆ ಊರಿನ ಹತ್ತು ಕಟ್ಟಡಗಳ, ಹತ್ತು ರಸ್ತೆಹೆಸರುಗಳ ವರ್ಷಪಟ್ಟಿ ಬರೆದುಕೊಳ್ಳಿ. ಬೆಲೆಪಟ್ಟಿಗಿಂತ ಅದು ಹೆಚ್ಚು ಉಪಯೋಗಕ್ಕೆ ಬರುತ್ತದೆ.

## ಹಂತ 4: ಮುಂಬದಿಯನ್ನು ಭೂತಗನ್ನಡಿಯಲ್ಲಿ ನೋಡಿ

ಈಗ ಕಾರ್ಡು ತಿರುಗಿಸಿ. ಭೂತಗನ್ನಡಿಯನ್ನು ಕಣ್ಣಿಗೆ ಒತ್ತಿ, ಕಾರ್ಡನ್ನು ಹತ್ತಿರ ತಂದು, ಆಕಾಶ ಅಥವಾ ಮುಖದ ಭಾಗವನ್ನು ನೋಡಿ.

ಚುಕ್ಕೆಗಳೇ ಇಲ್ಲದೆ ಬಿಳಿಯಿಂದ ಕಪ್ಪಿನವರೆಗೆ ನಯವಾಗಿ ಹರಿದಿದ್ದರೆ ಅದು ನಿಜವಾದ ಫೋಟೋ ಕಾರ್ಡು. ಹಳೆಯದಾದರೆ ಕಪ್ಪು ಭಾಗಗಳ ಅಂಚಿನಲ್ಲಿ, ಓರೆಯಾಗಿ ಹಿಡಿದಾಗ, ಬೆಳ್ಳಿಯ ಹೊಳಪು ಕಾಣಬಹುದು. ಅದು ರೋಗವಲ್ಲ, ವಯಸ್ಸಿನ ಗುರುತು. ಉಜ್ಜಿ ತೆಗೆಯಬೇಡಿ. ಕ್ರಮವಿಲ್ಲದ ಸುಕ್ಕುಸುಕ್ಕಾದ ಕಣಗಳು ಕಂಡರೆ ಕಾಲೊಟೈಪ್ (ಜೆಲಟಿನ್ ಪದರದಿಂದ ಅಚ್ಚು ತೆಗೆಯುವ ಹಳೆಯ ಬಗೆ). ಹಲವು ಬಣ್ಣಗಳ ಅಸ್ತವ್ಯಸ್ತ ಚುಕ್ಕೆಗಳಿದ್ದರೆ ಕಲ್ಲಚ್ಚಿನ ಬಣ್ಣದ ಮುದ್ರಣ. 1890ರ ದಶಕದ ಜರ್ಮನಿಯ ‘ಗ್ರುಸ್ ಔಸ್’ (‘ಇಂಥ ಊರಿನಿಂದ ಶುಭಾಶಯ’) ಕಾರ್ಡುಗಳು ಬಹುಪಾಲು ಇಂಥವು. ಸಾಲುಸಾಲಾಗಿ ಶಿಸ್ತಿನ ಚುಕ್ಕೆಗಳಿದ್ದರೆ ಹಾಫ್‌ಟೋನ್. ನೀಲಿ, ಕೆಂಪು, ಹಳದಿ, ಕಪ್ಪು ಚುಕ್ಕೆಗಳು ಸೇರಿ ಪುಟ್ಟ ಹೂವಿನಾಕಾರ ಕಂಡರೆ ಆಧುನಿಕ ನಾಲ್ಕು ಬಣ್ಣದ ಆಫ್‌ಸೆಟ್.

ಮರುಮುದ್ರಣ ಸಿಕ್ಕಿಬೀಳುವುದು ಇಲ್ಲಿ. 1905ರದ್ದೆಂದು ಮಾರುವ ಕಾರ್ಡಿನ ಆಕಾಶದಲ್ಲಿ ಈ ಹೂವಿನಾಕಾರ ಕಂಡರೆ ಮಾತು ಮುಗಿಯಿತು. ಇನ್ನೊಂದು ಪರೀಕ್ಷೆ ಕತ್ತಲೆಯಲ್ಲಿ. ಅಲ್ಟ್ರಾವಯೊಲೆಟ್ ಟಾರ್ಚು ಬಿಟ್ಟಾಗ ಕಾಗದ ನೀಲಿಬಿಳುಪಾಗಿ ಜ್ವಲಿಸಿದರೆ ಅದರಲ್ಲಿ ಬಿಳುಪುಕಾರಕ ಇದೆ. ಕಾಗದಕ್ಕೆ ಇದನ್ನು ಬೆರೆಸುವ ರೂಢಿ ಸುಮಾರು 1950ರಿಂದ ಈಚಿನದು. ಹಳೆಯ ಕಾಗದ ಮಂಕಾಗಿಯೇ ಇರುತ್ತದೆ.

ಟೀ ಡಿಕಾಕ್ಷನ್ನಿನಲ್ಲಿ ಅದ್ದಿ ಹಳತು ಮಾಡುವವರೂ ಇದ್ದಾರೆ. ನಿಜವಾಗಿ ಹಳೆಯದಾದ ಕಾರ್ಡು ಅಂಚಿನಿಂದ ಒಳಕ್ಕೆ ಕಂದಾಗುತ್ತದೆ, ಬೆಳಕು ಬಿದ್ದ ಕಡೆ ಹೆಚ್ಚು, ಬೀಳದ ಕಡೆ ಕಡಿಮೆ. ಮುಂದೆ, ಹಿಂದೆ, ಕತ್ತರಿಸಿದ ಅಂಚು ಎಲ್ಲ ಒಂದೇ ಹದದಲ್ಲಿ ಕಂದಾಗಿದ್ದರೆ ಅನುಮಾನಿಸಿ. ಹಳೆಯ ಬೆಂಗಳೂರು, ಹಳೆಯ ಮೈಸೂರಿನ ಚಿತ್ರಗಳನ್ನು ನೆನಪಿನ ಕಾಣಿಕೆಯಾಗಿ ಮರುಮುದ್ರಿಸಿ ಮಾರುವುದರಲ್ಲಿ ತಪ್ಪೇನಿಲ್ಲ. ಅವನ್ನು ಹಳೆಯ ಕಾರ್ಡಿನ ಬೆಲೆಗೆ ಕೊಳ್ಳಬೇಡಿ ಅಷ್ಟೆ.

## ಹಂತ 5: ಸ್ಥಿತಿ ಅಳೆದು ಕೊಳ್ಳಿ

ಮೂಲೆ, ಅಂಚು, ಮೈ, ಹಿಂಬದಿ ಈ ಕ್ರಮದಲ್ಲಿ ನೋಡಿ. ಮೂಲೆ ಮೊಂಡಾಗಿದೆಯೇ? ಓರೆ ಬೆಳಕಿನಲ್ಲಿ ಹಿಡಿದಾಗ ಮಡಿಕೆಯ ಗೆರೆ ಕಾಣುತ್ತದೆಯೇ? ಯಾರಾದರೂ ಹಾಳಾದ ಅಂಚನ್ನು ಕತ್ತರಿಸಿ ನೇರ ಮಾಡಿದ್ದಾರೆಯೇ? ಇದಕ್ಕೆ ಅಳತೆಪಟ್ಟಿಯೇ ಉತ್ತರ, ಎರಡು ಮಿ.ಮೀ. ಕಡಿಮೆಯಿದ್ದರೂ ಕೇಳಿ. ಹಿಂಬದಿಯಲ್ಲಿ ಆಲ್ಬಮ್ಮಿನಿಂದ ಕಿತ್ತಾಗ ಕಾಗದ ಸುಲಿದಿದೆಯೇ? ಅಂಚೆಚೀಟಿ ಕಿತ್ತಿದ್ದಾರೆಯೇ?

ಅಂತರಜಾಲದಲ್ಲಿ ಕೊಳ್ಳುವಾಗ ಹಿಂಬದಿಯ ಚಿತ್ರ ಹಾಕದ ಮಾರಾಟಗಾರರಿಂದ ಏನನ್ನೂ ಕೊಳ್ಳಬೇಡಿ. ಕೇಳಿದರೂ ಕಳಿಸದಿದ್ದರೆ ಅದೇ ಎಚ್ಚರಿಕೆಯ ಗಂಟೆ. ಇಬೇ, ಡೆಲ್‌ಕ್ಯಾಂಪ್‌ನಂಥ ತಾಣಗಳಲ್ಲಿ ಕೇಳುತ್ತಿರುವ ಬೆಲೆಗೆ ಅರ್ಥವಿಲ್ಲ, ಈಗಾಗಲೇ ಮಾರಾಟವಾದವುಗಳ ಬೆಲೆಯನ್ನು ಹುಡುಕಿ. ಅದೇ ಚಿತ್ರದ ನಾಲ್ಕು ಕಾರ್ಡು ಎಷ್ಟಕ್ಕೆ ಹೋಗಿವೆ ಎಂದು ನೋಡಿದ ಮೇಲೆ ನಿಮ್ಮ ಮಿತಿ ಬರೆದಿಟ್ಟು ಹರಾಜಿಗೆ ಇಳಿಯಿರಿ.

ಬೆಲೆ ವಯಸ್ಸನ್ನು ಹಿಂಬಾಲಿಸುವುದಿಲ್ಲ. ತಾಜ್‌ಮಹಲಿನ 1905ರ ಮುದ್ರಿತ ಕಾರ್ಡು ಎಲ್ಲೆಲ್ಲೂ ಸಿಗುತ್ತದೆ. ಸಣ್ಣ ಊರೊಂದರ ರೈಲ್ವೆ ನಿಲ್ದಾಣದ, ಸಂತೆಯ, ಅಂಗಡಿ ಬೀದಿಯ ನಿಜವಾದ ಫೋಟೋ ಕಾರ್ಡು 1930ರದ್ದಾದರೂ ಅಪರೂಪ, ಅದಕ್ಕೇ ಬೆಲೆ ಹೆಚ್ಚು. ನನ್ನನ್ನು ಕೇಳಿದರೆ, ಹೆಸರಾಂತ ಸ್ಮಾರಕಗಳ ಹತ್ತು ಕಾರ್ಡಿಗಿಂತ ಜನಜೀವನ ಕಾಣುವ ಒಂದು ಕಾರ್ಡು ಕೊಳ್ಳಿ.

ಇಲ್ಲೇ ಹುಡುಕುವುದಾದರೆ ಬೆಂಗಳೂರಿನ ಅವೆನ್ಯೂ ರಸ್ತೆಯ ಹಳೆ ಪುಸ್ತಕದಂಗಡಿಗಳು, ಮುಂಬೈಯ ಚೋರ್ ಬಜಾರ್, ಅಂಚೆ ಇಲಾಖೆ ಆಗಾಗ ನಡೆಸುವ ಕರ್ನಾಪೆಕ್ಸ್ ಅಂಚೆಚೀಟಿ ಪ್ರದರ್ಶನದ ಮಾರಾಟ ಮಳಿಗೆಗಳು ನೋಡಬೇಕಾದ ಜಾಗಗಳು. ರದ್ದಿಯ ರಾಶಿಯಲ್ಲಿ ಕಾರ್ಡು ಹುಡುಕುವಾಗ ಹಳೆಯ ಪುಸ್ತಕಗಳ ಒಳಪುಟ ತಿರುವಿ ನೋಡಿ, ಗುರುತಿಗೆಂದು ಇಟ್ಟ ಕಾರ್ಡು ಅಲ್ಲೇ ಉಳಿದಿರುತ್ತದೆ. ಪ್ರವಾಸಿ ತಾಣಗಳಲ್ಲಿ ಮಾರುವ ಮಡಿಕೆ ಮಡಿಕೆಯ ವ್ಯೂ ಕಾರ್ಡಿನ ಸರ ಸಿಕ್ಕರೆ ಬಿಡಿಬಿಡಿಯಾಗಿ ಕತ್ತರಿಸಬೇಡಿ, ಹೊದಿಕೆ ಸಮೇತ ಹಾಗೇ ಇಡಿ.

ವಿದೇಶದಿಂದ ತರಿಸಿದಾಗ ಕಸ್ಟಮ್ಸ್ ಸುಂಕ ಬೀಳಬಹುದು. ಲಕೋಟೆಯ ಮೇಲೆ ಏನಿದೆ, ಬೆಲೆ ಎಷ್ಟು ಎಂದು ನಿಜವನ್ನೇ ಬರೆಯಲು ಮಾರಾಟಗಾರರಿಗೆ ಹೇಳಿ. ಎರಡು ರಟ್ಟುಗಳ ನಡುವೆ ಇಟ್ಟು, ನೀರು ತಾಗದ ಲಕೋಟೆಯಲ್ಲಿ ಕಳಿಸುವಂತೆಯೂ ಮೊದಲೇ ತಿಳಿಸಿ.

## ಹಂತ 6: ಕಾರ್ಡು ಬಂದ ದಿನವೇ ಮಾಡಬೇಕಾದದ್ದು

1. ಬೇರೆ ಇಡಿ. ಹೊಸದಾಗಿ ಬಂದದ್ದನ್ನು ಹಳೆಯ ಸಂಗ್ರಹದ ಹತ್ತಿರ ತರಬೇಡಿ. ಬಾಯಿ ಮುಚ್ಚುವ ಪಾರದರ್ಶಕ ಚೀಲದಲ್ಲಿ ಹದಿನೈದು ದಿನ ಇಟ್ಟು ಗಮನಿಸಿ. ಪುಡಿ ಉದುರಿದರೆ, ಪುಸ್ತಕಗಳಲ್ಲಿ ಓಡಾಡುವ ಬೆಳ್ಳಿ ಬಣ್ಣದ ಹುಳು ಕಂಡರೆ, ಬೂಷ್ಟಿನ ವಾಸನೆ ಬಂದರೆ ಅದು ಇಡೀ ಪೆಟ್ಟಿಗೆಗೆ ಹರಡುತ್ತದೆ.

2. ಧೂಳು ತೆಗೆಯಿರಿ, ತೊಳೆಯಬೇಡಿ. ಒಣ ಕುಂಚದಲ್ಲಿ ನಡುವಿನಿಂದ ಹೊರಕ್ಕೆ ಹಗುರವಾಗಿ ಸವರಿ. ನೀರು, ಸ್ಪಿರಿಟ್, ಚಿತ್ರದ ಮೇಲೆ ರಬ್ಬರು ಯಾವುದೂ ಬೇಡ. ಅಂಚೆಚೀಟಿ ಬೇಕೆಂದು ಕಾರ್ಡನ್ನು ನೀರಲ್ಲಿ ನೆನೆಸುವುದಂತೂ ಕೂಡದು. ಕಾರ್ಡು, ಅಂಚೆಚೀಟಿ, ಠಸ್ಸೆ ಮೂರೂ ಒಟ್ಟಿಗಿದ್ದಾಗಲೇ ಅದಕ್ಕೆ ಬೆಲೆ.

3. ಎರಡೂ ಬದಿ ಸ್ಕ್ಯಾನ್ ಮಾಡಿ. 600 ಡಿಪಿಐ (ಇಂಚಿಗೆ 600 ಚುಕ್ಕೆ) ಇರಲಿ, ಅಂಚಿನ ಹೊರಗೆ ಸ್ವಲ್ಪ ಜಾಗ ಬಿಡಿ. ಕಡತದ ಹೆಸರಲ್ಲಿ ನಿಮ್ಮ ಕ್ರಮಸಂಖ್ಯೆಯ ಜೊತೆ ‘ಮುಂದೆ’, ‘ಹಿಂದೆ’ ಎಂದು ಸೇರಿಸಿ.

4. ದಾಖಲಿಸಿ. ಕ್ರಮಸಂಖ್ಯೆ, ಶೀರ್ಷಿಕೆ ಇದ್ದದ್ದು ಇದ್ದ ಹಾಗೆ, ಊರು ಮತ್ತು ದೇಶ, ಪ್ರಕಾಶಕರು, ಕಾರ್ಡಿನ ಸಂಖ್ಯೆ, ಮುದ್ರಣದ ಬಗೆ, ಅಂದಾಜು ಕಾಲ ಮತ್ತು ಆ ಅಂದಾಜಿಗೆ ಕಾರಣ, ಠಸ್ಸೆ, ಸಂದೇಶದ ಭಾಷೆ, ಸ್ಥಿತಿ, ಎಲ್ಲಿ ಸಿಕ್ಕಿತು, ಎಷ್ಟಕ್ಕೆ. ‘ಕಾರಣ’ದ ಕಲಂ ಬಿಡಬೇಡಿ. ಮೂರು ವರ್ಷದ ಮೇಲೆ 1908 ಎಂದು ಏಕೆ ಬರೆದೆ ಎಂದು ನಿಮಗೇ ನೆನಪಿರುವುದಿಲ್ಲ.

ಕ್ರಮಸಂಖ್ಯೆಯನ್ನು ಹಿಂಬದಿಯ ಮೂಲೆಯಲ್ಲಿ 2ಬಿ ಪೆನ್ಸಿಲಿನಿಂದ ಒತ್ತದೆ ಬರೆಯಿರಿ. ಬಾಲ್‌ಪೆನ್ನಿನ ಒತ್ತು ಮುಂಬದಿಗೆ ಉಬ್ಬುತ್ತದೆ, ಮತ್ತೆಂದೂ ಹೋಗುವುದಿಲ್ಲ.

## ಹಂತ 7: ಇಡುವುದು, ಅದರಲ್ಲೂ ಮಳೆಗಾಲದಲ್ಲಿ

ಕಾಗದಕ್ಕೆ ಹಿತವಾದ ತೇವಾಂಶ ಶೇ 30ರಿಂದ 50. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕರಾವಳಿಯಲ್ಲಿ, ಮಲೆನಾಡಿನಲ್ಲಿ ಅದು ಶೇ 80 ದಾಟಿಯೇ ಇರುತ್ತದೆ. ಶೇ 65–70 ದಾಟಿದರೆ ಬೂಷ್ಟು ಬರುವುದು ಖಚಿತ. ತಂಪು ದೇಶದವರು ಬರೆದ ಸಲಹೆ ಓದಿ ಇಲ್ಲಿ ಕಾರ್ಡು ಇಟ್ಟವರು ಕಳೆದುಕೊಂಡದ್ದು ಇದೇ ಕಾರಣಕ್ಕೆ.

ಪ್ರತಿ ಕಾರ್ಡು ಅದರದರ ಲಕೋಟೆಯಲ್ಲಿ, ಲಕೋಟೆಗಳು ಆಮ್ಲರಹಿತ ರಟ್ಟಿನ ಪೆಟ್ಟಿಗೆಯಲ್ಲಿ, ಕಾರ್ಡುಗಳು ನೆಟ್ಟಗೆ ನಿಂತಂತೆ, ತೀರಾ ಬಿಗಿಯಾಗದಂತೆ. ಪೆಟ್ಟಿಗೆಯನ್ನು ಮುಚ್ಚಳ ಗಟ್ಟಿಯಾಗಿ ಕೂರುವ ಪ್ಲಾಸ್ಟಿಕ್ ಡಬ್ಬಿಯೊಳಗಿಟ್ಟು, ಜೊತೆಗೆ ಸಿಲಿಕಾ ಜೆಲ್ ಮತ್ತು ತೇವದ ಮೀಟರ್ ಇಡಿ. ಬಣ್ಣ ಬದಲಾಗುವ ಸಿಲಿಕಾ ಜೆಲ್ ತನ್ನಿ, ನೀರು ಹೀರಿ ತುಂಬಿದ್ದು ಕಣ್ಣಿಗೇ ಕಾಣುತ್ತದೆ. ಅದು ಕಾರ್ಡಿಗೆ ನೇರ ತಾಗಬಾರದು, ಬಟ್ಟೆಯ ಚೀಲದಲ್ಲಿರಲಿ. ಒಣ ದಿನ ನೋಡಿ ಡಬ್ಬಿ ಮುಚ್ಚಿ. ಮಳೆ ಸುರಿಯುವಾಗ ಮುಚ್ಚಿದರೆ ತೇವವನ್ನೇ ಒಳಗೆ ಕೂಡಿಹಾಕಿದಂತೆ.

ಡಬ್ಬಿ ಎಲ್ಲಿರಬೇಕು? ಹೊರಗೋಡೆಗೆ ತಾಗಿದ ಬೀರುವಿನಲ್ಲಿ, ಅಟ್ಟದಲ್ಲಿ, ಬಚ್ಚಲಿನ ಪಕ್ಕದ ಕೋಣೆಯಲ್ಲಿ ಬೇಡ. ಒಳಗೋಡೆಯ ಕಡೆ, ನೆಲದಿಂದ ಒಂದಡಿ ಮೇಲೆ, ಗಾಳಿಯಾಡುವ ಕೋಣೆಯಲ್ಲಿರಲಿ. ಮಳೆಗಾಲದಲ್ಲಿ ಹದಿನೈದು ದಿನಕ್ಕೊಮ್ಮೆ ಮೀಟರ್ ನೋಡಿ.

ಮಾಡಲೇಬಾರದ್ದು:

- ಲ್ಯಾಮಿನೇಷನ್. ಕಾಪಾಡುತ್ತದೆ ಎಂಬ ನಂಬಿಕೆಯಿಂದ ಅತಿ ಹೆಚ್ಚು ಕಾರ್ಡು ನಾಶವಾಗುವುದು ಇದರಿಂದಲೇ. ಬಿಸಿ ಪ್ಲಾಸ್ಟಿಕ್ ಕಾಗದದೊಂದಿಗೆ ಬೆಸೆದುಕೊಳ್ಳುತ್ತದೆ, ಬಿಡಿಸುವ ದಾರಿಯಿಲ್ಲ.
- ಅಂಟು ಹಾಳೆಯ ಆಲ್ಬಮ್. ಮದುವೆ ಫೋಟೋಗೆ ಬಳಸುತ್ತಿದ್ದ, ಮೇಲೆ ಪಾರದರ್ಶಕ ಹಾಳೆ ಎಳೆಯುವಂಥದ್ದು. ಅದರ ಅಂಟು ಹಿಂಬದಿಯನ್ನು ತಿಂದುಹಾಕುತ್ತದೆ.
- ಸೆಲೋಟೇಪ್, ಫೆವಿಕಾಲ್, ರಬ್ಬರ್ ಬ್ಯಾಂಡ್, ಪೇಪರ್ ಕ್ಲಿಪ್. ಹರಿದ ಕಾರ್ಡನ್ನು ಹರಿದಂತೆಯೇ ಲಕೋಟೆಯಲ್ಲಿಡಿ.
- ನುಸಿಗುಳಿಗೆ, ಬೇವಿನೆಲೆ. ನುಸಿಗುಳಿಗೆಯ ಆವಿ ಕೆಲವು ಪ್ಲಾಸ್ಟಿಕ್‌ಗಳನ್ನು ಮೆದುಮಾಡುತ್ತದೆ, ಉಸಿರಾಟಕ್ಕೂ ಒಳ್ಳೆಯದಲ್ಲ. ಬೇವಿನೆಲೆ ಪುಡಿಯಾಗಿ ಕಲೆ ಬಿಡುತ್ತದೆ.
- ಗೋಡೆಗೆ ಚೌಕಟ್ಟು. ಬೆಳಕಿಗೆ ಬಣ್ಣ ಹೋಗುತ್ತದೆ. ಚೌಕಟ್ಟಿಗೆ ಸ್ಕ್ಯಾನಿನ ಪ್ರತಿ ಹಾಕಿ.

ಬೂಷ್ಟು ಕಂಡೇಬಿಟ್ಟರೆ ಆ ಕಾರ್ಡನ್ನು ತಕ್ಷಣ ಬೇರೆ ಮಾಡಿ. ನೆರಳಿನಲ್ಲಿ, ಗಾಳಿಯಲ್ಲಿ ಪೂರ್ತಿ ಒಣಗಿದ ಮೇಲೆ ಮನೆಯ ಹೊರಗೆ, ಮುಖಗವಸು ಹಾಕಿ, ಕುಂಚದಿಂದ ತೆಗೆಯಿರಿ. ಹಸಿಯಿದ್ದಾಗ ಉಜ್ಜಿದರೆ ಕಾಗದದೊಳಕ್ಕೆ ಇಳಿಯುತ್ತದೆ.

## ಹಂತ 8: ಹೊಸ ಕಾರ್ಡುಗಳನ್ನು ಅಂಚೆಯಲ್ಲೇ ತರಿಸಿಕೊಳ್ಳುವುದು

ಹೊಸ ಕಾರ್ಡು ಕೂಡಿಸುವವರಿಗೆ ಪೋಸ್ಟ್‌ಕ್ರಾಸಿಂಗ್ ಸುಲಭದ ದಾರಿ. 2005ರ ಜುಲೈಯಲ್ಲಿ ಪೋರ್ಚುಗಲ್‌ನ ಪಾವ್ಲೊ ಮಗಲ್ಯಾಯಿಸ್ ಶುರುಮಾಡಿದ ಅಂತರಜಾಲದ ಏರ್ಪಾಡು ಇದು. ಹೆಸರು ನೋಂದಾಯಿಸಿ, ವಿಳಾಸ ಕೇಳಿದರೆ ಯಾವುದೋ ದೇಶದ ಸದಸ್ಯರೊಬ್ಬರ ವಿಳಾಸವೂ ಒಂದು ಗುರುತು ಸಂಖ್ಯೆಯೂ ಸಿಗುತ್ತವೆ. ನೀವು ಕಳಿಸಿದ್ದು ತಲುಪಿ, ಅವರು ಸಂಖ್ಯೆ ದಾಖಲಿಸಿದ ಮೇಲೆ ಇನ್ನೊಬ್ಬ ಸದಸ್ಯರಿಗೆ ನಿಮ್ಮ ವಿಳಾಸ ಹೋಗುತ್ತದೆ. ಆರಂಭದಲ್ಲಿ ಒಮ್ಮೆಗೆ ಐದು ಕಾರ್ಡು ಮಾತ್ರ ದಾರಿಯಲ್ಲಿರಬಹುದು. ಅರವತ್ತು ದಿನದಲ್ಲಿ ತಲುಪದಿದ್ದರೆ ಆ ಜಾಗ ತೆರವಾಗುತ್ತದೆ, ಆದರೂ ಒಂದು ವರ್ಷದವರೆಗೆ ಅದನ್ನು ದಾಖಲಿಸಲು ಅವಕಾಶವಿದೆ.

ನಮ್ಮವರು ಕಳಿಸಿದ ಕಾರ್ಡು ‘ತಲುಪಲೇ ಇಲ್ಲ’ ಎನ್ನುವುದರ ಹಿಂದೆ ಹಲವು ಸಲ ಒಂದೇ ಕಾರಣವಿರುತ್ತದೆ: ಗುರುತು ಸಂಖ್ಯೆ ಅಂಚೆಚೀಟಿಯ ಅಡಿಗೋ ಠಸ್ಸೆಯ ಅಡಿಗೋ ಹೋಗಿ ಓದಲಾಗದಿರುವುದು. ಕಾರ್ಡು ತಲುಪಿದ್ದರೂ ದಾಖಲಾಗುವುದಿಲ್ಲ. ಸಂಖ್ಯೆಯನ್ನು ಎರಡು ಕಡೆ ಬರೆಯಿರಿ, ಎರಡೂ ಅಂಚೆಚೀಟಿಯಿಂದ ದೂರವಿರಲಿ. ದೇಶದ ಹೆಸರನ್ನು ಇಂಗ್ಲಿಷ್ ದೊಡ್ಡಕ್ಷರಗಳಲ್ಲಿ ಬರೆದು, ಏರ್ ಮೇಲ್ ಎಂದು ಸೇರಿಸಿ. ಯಂತ್ರಗಳು ಪಟ್ಟೆಗುರುತು (ಬಾರ್‌ಕೋಡ್) ಮುದ್ರಿಸುವುದರಿಂದ ಅಡಿಯಲ್ಲಿ ಒಂದೂವರೆ ಸೆಂ.ಮೀ. ಖಾಲಿ ಬಿಡಿ. ನುಣುಪು ಕಾರ್ಡಿನ ಮೇಲೆ ಜೆಲ್ ಪೆನ್ ಬೇಡ, ಒಂದು ಹನಿ ಮಳೆಗೆ ವಿಳಾಸವೇ ಹರಿದುಹೋಗುತ್ತದೆ. ಅಂಚೆಚೀಟಿಯ ಹಿಂದಿನ ಗೋಂದನ್ನು ನಂಬದೆ ಗ್ಲೂ ಸ್ಟಿಕ್ ಸವರಿ.

ವಿದೇಶದ ದರ ಬದಲಾಗುತ್ತಿರುತ್ತದೆ, ಕೌಂಟರಿನಲ್ಲಿ ಕೇಳಿಯೇ ಹಚ್ಚಿ. ಸಾಧ್ಯವಾದರೆ ಅಂಚೆಚೀಟಿ ಸಂಗ್ರಾಹಕರ ಬ್ಯೂರೋ ಇರುವ ದೊಡ್ಡ ಅಂಚೆ ಕಚೇರಿಗೆ ಹೋಗಿ, ಕಾರ್ಡಿನ ಚಿತ್ರಕ್ಕೆ ಹೊಂದುವ ವಿಶೇಷ ಅಂಚೆಚೀಟಿ ಆರಿಸಿ, ಕಣ್ಣೆದುರಿಗೇ ಕೈಯಿಂದ ಠಸ್ಸೆ ಹಾಕಿಸಿ. ಕೆಲವು ಕಚೇರಿಗಳಲ್ಲಿ ಆ ಊರಿನ ಸ್ಮಾರಕದ ಚಿತ್ರವಿರುವ ಶಾಶ್ವತ ಸಚಿತ್ರ ಠಸ್ಸೆಯೂ ಸಿಗುತ್ತದೆ. ನಯವಾಗಿ ಕೇಳಿದರೆ ಗುಮಾಸ್ತರು ಸಂತೋಷದಿಂದಲೇ ಹಾಕಿಕೊಡುತ್ತಾರೆ.

ಬಂದ ಕಾರ್ಡಿನ ಚಿತ್ರ ಎಲ್ಲಾದರೂ ಹಂಚಿಕೊಳ್ಳುವಾಗ ಹಿಂಬದಿಯ ವಿಳಾಸ ಮುಚ್ಚಿ.

## ಹಂತ 9: ವಿನಿಮಯ, ಮಾರಾಟ, ಮತ್ತು ಕಾನೂನು

ಒಂದೇ ಕಾರ್ಡು ಎರಡಾದಾಗ ಸ್ಥಿತಿ ಚೆನ್ನಾಗಿರುವುದನ್ನು ಉಳಿಸಿಕೊಂಡು ಇನ್ನೊಂದನ್ನು ವಿನಿಮಯಕ್ಕಿಡಿ. ಆದರೆ ಮೊದಲು ಎರಡನ್ನೂ ಪಕ್ಕಪಕ್ಕ ಇಟ್ಟು ಹಿಂಬದಿ ನೋಡಿ. ಒಂದೇ ಚಿತ್ರ ಬೇರೆ ಬೇರೆ ವರ್ಷ, ಬೇರೆ ಪ್ರಕಾಶಕರ ಹೆಸರಲ್ಲಿ ಅಚ್ಚಾಗಿರುವುದುಂಟು, ಆಗ ಅವು ಎರಡು ಕಾರ್ಡುಗಳೇ. ಕಳಿಸುವಾಗ ಹುಡುಕುಸಂಖ್ಯೆ (ಟ್ರ್ಯಾಕಿಂಗ್ ನಂಬರ್) ಸಿಗುವ ಸ್ಪೀಡ್ ಪೋಸ್ಟಿನಂಥ ಸೇವೆ ಬಳಸಿ, ನಿಮ್ಮ ಸ್ಕ್ಯಾನ್ ಜೊತೆಗೆ ಸ್ಥಿತಿಯ ದೋಷಗಳನ್ನು ಮುಂಚೆಯೇ ಬರೆದು ತಿಳಿಸಿ.

ಹಳೆಯ ಕಾರ್ಡನ್ನು ಭಾರತದಿಂದ ಹೊರಗೆ ಕಳಿಸುವ ಮುನ್ನ ಒಂದು ಕೆಲಸ ಬಾಕಿಯಿದೆ, ಬಹಳ ಮಂದಿಗೆ ಇದು ಗೊತ್ತೇ ಇಲ್ಲ. 1972ರ ಪುರಾತನ ವಸ್ತುಗಳು ಮತ್ತು ಕಲಾ ನಿಧಿಗಳ ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ಚಾರಿತ್ರಿಕ ಆಸಕ್ತಿಯ ವಸ್ತುಗಳೂ, ಚಾರಿತ್ರಿಕ ಅಥವಾ ಸಾಹಿತ್ಯಿಕ ಮೌಲ್ಯವುಳ್ಳ, 75 ವರ್ಷ ದಾಟಿದ ಹಸ್ತಪ್ರತಿ, ದಾಖಲೆಗಳೂ ಪುರಾತನ ವಸ್ತುಗಳ ವ್ಯಾಪ್ತಿಗೆ ಬರುತ್ತವೆ. ಅವನ್ನು ಖಾಸಗಿಯವರು ರಫ್ತು ಮಾಡುವಂತಿಲ್ಲ. ಸಾಮಾನ್ಯ ಮುದ್ರಿತ ಕಾರ್ಡೊಂದು ಇದರೊಳಗೆ ಬರುತ್ತದೋ ಇಲ್ಲವೋ ಎಂದು ನೀವೇ ತೀರ್ಮಾನಿಸಬೇಡಿ. ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ಬೆಂಗಳೂರು ವೃತ್ತದ ಕಚೇರಿಗೆ ಎರಡೂ ಬದಿಯ ಪ್ರತಿ, ಅಂದಾಜು ಕಾಲ, ಆ ಅಂದಾಜಿನ ಕಾರಣ ಸಹಿತ ಅರ್ಜಿ ಬರೆದು, ಪುರಾತನ ವಸ್ತುವಲ್ಲ ಎಂಬ ಪ್ರಮಾಣಪತ್ರ ಕೇಳಿ. ಆರನೇ ಹಂತದಲ್ಲಿ ಮಾಡಿಟ್ಟ ದಾಖಲೆಯಿದ್ದರೆ ಅರ್ಜಿ ಬರೆಯಲು ಅರ್ಧ ಗಂಟೆ ಸಾಕು. ಪತ್ರ ಕೈಗೆ ಬರುವವರೆಗೆ ಹೊರದೇಶದ ಗೆಳೆಯರಿಗೆ ಸ್ಕ್ಯಾನ್ ಮಾತ್ರ ಕಳಿಸಿ.